ಕೆರೆ ತಳದ ಹೂಳು ವಿಷವೇ? ಒಂದು ಅಂಕಿಯಿಂದ ಉತ್ತರ ಸಿಗುವುದಿಲ್ಲ

ಕಾರ್ಖಾನೆ ಮುಚ್ಚಿ ಕೆಲವು ವರ್ಷಗಳಾದರೆ ಅದರ ಪಕ್ಕದ ಕೆರೆಯ ನೀರು ಸಾಮಾನ್ಯವಾಗಿ ತಿಳಿಯಾಗುತ್ತದೆ. ಪೈಪಿನಿಂದ ಬರುತ್ತಿದ್ದ ಬಣ್ಣದ ನೀರು ನಿಂತಿರುತ್ತದೆ. ವಾಸನೆ ಹೋಗಿರುತ್ತದೆ. ಹಕ್ಕಿಗಳು ಮತ್ತೆ ಬರತೊಡಗಿರುತ್ತವೆ. ಆಗ ಯಾರೋ ಒಂದು ಬಾಟಲಿ ನೀರನ್ನು ಲ್ಯಾಬಿಗೆ ಕಳಿಸುತ್ತಾರೆ. ವರದಿಯೂ ಚೆನ್ನಾಗಿಯೇ ಬರುತ್ತದೆ. ಕೆರೆ ಸುಧಾರಿಸಿತು ಅಂತ ಎಲ್ಲರಿಗೂ ಸಮಾಧಾನ.

ಆದರೆ ಕಾರ್ಖಾನೆ ಬಿಟ್ಟುಹೋದ ವಿಷದಲ್ಲಿ ನೀರಿನಲ್ಲಿ ಉಳಿಯುವುದು ತುಂಬಾ ಕಡಿಮೆ. ಸೀಸ, ಪಾದರಸ, ಕ್ಯಾಡ್ಮಿಯಂನಂಥ ಲೋಹಗಳು ನೀರಿನಲ್ಲಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಬಳಸುತ್ತಿದ್ದ ಪಿಸಿಬಿ, ಡಾಂಬರಿನಲ್ಲಿರುವ ಪಿಎಎಚ್‌ನಂಥ ರಾಸಾಯನಿಕಗಳೂ ಅಷ್ಟೇ. ಅವು ಜೇಡಿಯ ಸಣ್ಣ ಕಣಗಳಿಗೆ, ಕೊಳೆತ ಎಲೆಯ ಚೂರುಗಳಿಗೆ ಅಂಟಿಕೊಂಡು ತಳ ಸೇರುತ್ತವೆ. ಮೇಲಿನ ನೀರು ಮಳೆಗೊಮ್ಮೆ ಬದಲಾಗುತ್ತದೆ. ತಳದ ಹೂಳು ಹಾಗೇ ಇರುತ್ತದೆ. ಲೋಹಗಳು ಕೊಳೆತು ಹೋಗುವ ವಸ್ತುಗಳಲ್ಲ. ಪಿಸಿಬಿ ದಶಕಗಟ್ಟಲೆ ಉಳಿಯುತ್ತದೆ.

ಹಾಗಾಗಿ ಪರೀಕ್ಷೆ ಆಗಬೇಕಾದದ್ದು ಹೂಳಿಗೆ. ಇಲ್ಲಿಯವರೆಗೆ ತಕರಾರಿಲ್ಲ. ಗೊಂದಲ ಶುರುವಾಗುವುದು ಹೂಳಿನ ವರದಿ ಬಂದ ಮೇಲೆ. ಅದರಲ್ಲಿ ಲೋಹಗಳ ಹೆಸರು, ಮುಂದೆ ಅಂಕಿಗಳು. ಮಿತಿಯೊಳಗಿದೆ ಅನ್ನುತ್ತಾರೆ ಒಂದು ಕಡೆಯವರು. ಮಿತಿ ಮೀರಿದೆ ಅನ್ನುತ್ತಾರೆ ಇನ್ನೊಂದು ಕಡೆಯವರು. ಇಬ್ಬರ ಕೈಯಲ್ಲಿರುವುದೂ ಅದೇ ಕಾಗದ. ಆ ಪಟ್ಟಿಯೊಂದನ್ನೇ ಇಟ್ಟುಕೊಂಡು ಹೂಳು ವಿಷವೋ ಅಲ್ಲವೋ ಎಂದು ತೀರ್ಮಾನಿಸಲು ಬರುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಹೂಳಿನಲ್ಲಿ ಏನಿದೆ ಎಂಬುದು ಒಂದು ಪ್ರಶ್ನೆ. ಅದು ಜೀವಿಗಳಿಗೆ ಏನು ಮಾಡುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಎಲ್ಲಿಯ ಹೂಳು, ಎಷ್ಟು ಆಳದ್ದು ಎಂಬುದು ಇವೆರಡಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ.

ಸ್ಯಾಂಪಲ್ ತೆಗೆಯುವಾಗಲೇ ಅರ್ಧ ತೀರ್ಮಾನ

ಕೆರೆಯ ತಳದಲ್ಲಿ ಹೂಳು ವರ್ಷದಿಂದ ವರ್ಷಕ್ಕೆ ಪದರ ಪದರವಾಗಿ ಕೂರುತ್ತದೆ. ಕೆಲವು ಕೆರೆಗಳಲ್ಲಿ ವರ್ಷಕ್ಕೆ ಒಂದೆರಡು ಮಿಲಿಮೀಟರ್, ಕೆಲವು ಕಡೆ ಒಂದು ಸೆಂಟಿಮೀಟರಿಗೂ ಜಾಸ್ತಿ. ಕಾರ್ಖಾನೆ ನಡೆಯುತ್ತಿದ್ದ ಕಾಲದ ಪದರ ಕೆಳಗೆ, ಮುಚ್ಚಿದ ಮೇಲಿನ ಪದರ ಅದರ ಮೇಲೆ. ದೋಣಿಯಿಂದ ಹಗ್ಗ ಕಟ್ಟಿ ಇಳಿಬಿಡುವ ಬಾಯಿ ಮುಚ್ಚುವ ಡಬ್ಬಿಯಂಥ ಸಾಧನವಿದೆ. ಎಕ್‌ಮನ್ ಅಥವಾ ಪೋನಾರ್ ಗ್ರ್ಯಾಬ್ ಅಂತ ಹೆಸರು. ಅದು ಮೇಲಿನ ಹತ್ತು ಹದಿನೈದು ಸೆಂಟಿಮೀಟರ್ ಹೂಳನ್ನು ಒಟ್ಟಿಗೆ ಬಾಚಿಕೊಂಡು ಬರುತ್ತದೆ. ಹುಳಗಳು ಬದುಕುವುದು ಈ ಪದರದಲ್ಲೇ ಆದ್ದರಿಂದ ಈಗಿನ ಅಪಾಯ ತಿಳಿಯಲು ಅದು ಸರಿ. ಆದರೆ ಕೆಳಗೆ ಏನು ಹೂತಿದೆ ಎಂದು ಅದು ಹೇಳುವುದಿಲ್ಲ.

ಅದಕ್ಕೆ ಕೊಳವೆ ಬೇಕು. ಉದ್ದದ ಪಾರದರ್ಶಕ ಕೊಳವೆಯನ್ನು ತಳಕ್ಕೆ ಇಳಿಸಿ, ಪದರಗಳು ಕದಡದಂತೆ ಮೇಲೆತ್ತಿ, ಸೆಂಟಿಮೀಟರ್ ಲೆಕ್ಕದಲ್ಲಿ ಕತ್ತರಿಸುತ್ತಾರೆ. ಪ್ರತಿ ತುಂಡಿನ ವಯಸ್ಸನ್ನೂ ಕಂಡುಹಿಡಿಯಬಹುದು. ಪ್ರಕೃತಿಯಲ್ಲೇ ಇರುವ ಸೀಸ-210 ಎಂಬ ವಿಕಿರಣ ವಸ್ತು ಸುಮಾರು 22 ವರ್ಷಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಅದರಿಂದ ಕಳೆದ ನೂರು ಚಿಲ್ಲರೆ ವರ್ಷಗಳ ಲೆಕ್ಕ ಸಿಗುತ್ತದೆ. ಸೀಸಿಯಂ-137 ಇನ್ನೊಂದು ಗುರುತು. ಬಯಲಿನಲ್ಲಿ ನಡೆಸಿದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ಅದು 1963ರ ಸುಮಾರಿಗೆ ಅತಿ ಹೆಚ್ಚು ಬಿದ್ದಿತು. ಹೂಳಿನಲ್ಲಿ ಆ ಏರು ಎಲ್ಲಿ ಕಾಣುತ್ತದೋ ಅದು ಆ ವರ್ಷದ ಪದರ. ಈ ಎರಡನ್ನೂ ಇಟ್ಟುಕೊಂಡರೆ ಯಾವ ದಶಕದಲ್ಲಿ ಎಷ್ಟು ಪಾದರಸ ಬಂತು, ಕಾರ್ಖಾನೆ ನಿಂತ ಮೇಲೆ ಇಳಿಯಿತೋ ಇಲ್ಲವೋ ಎಂದು ಹೇಳಬಹುದು. ಹೊಣೆ ಯಾರದ್ದು ಎಂಬ ವಾದದಲ್ಲಿ ಇದಕ್ಕಿಂತ ಗಟ್ಟಿ ಸಾಕ್ಷಿ ಸಿಗುವುದು ಕಷ್ಟ. ಆದರೂ ಎಷ್ಟೋ ತನಿಖೆಗಳು ಮೇಲ್ಪದರ ಬಾಚಿ ಮುಗಿಸಿಬಿಡುತ್ತವೆ.

ಜಾಗದ ಆಯ್ಕೆಯೂ ಅಷ್ಟೇ ಮುಖ್ಯ. ವಿಷ ಅಂಟುವುದು ನುಣ್ಣನೆಯ ಜೇಡಿಗೆ. ಮರಳಿಗೆ ಅಂಟುವುದು ಕಡಿಮೆ. ದಡದ ಮರಳು ಮರಳಾದ ಜಾಗದಲ್ಲಿ ಸ್ಯಾಂಪಲ್ ತೆಗೆದರೆ ಅಂಕಿ ಸುಮ್ನೆ ಕೆಳಗಿಳಿಯುತ್ತದೆ. ಅದಕ್ಕೇ ಕಣಗಳ ಗಾತ್ರ ಮತ್ತು ಸಾವಯವ ಇಂಗಾಲ ಎಷ್ಟಿದೆ ಎಂಬ ವಿವರ ವರದಿಯಲ್ಲಿ ಇರಲೇಬೇಕು. ಇಲ್ಲದಿದ್ದರೆ ಎರಡು ಜಾಗಗಳ ಅಂಕಿಗಳನ್ನು ಹೋಲಿಸುವುದಕ್ಕೆ ಅರ್ಥವೇ ಇಲ್ಲ. ಹತ್ತು ಜಾಗದ ಹೂಳನ್ನು ಒಂದೇ ಬಕೆಟ್ಟಿಗೆ ಹಾಕಿ ಕಲಸಿ ಒಂದು ಸ್ಯಾಂಪಲ್ ಮಾಡುವ ಪದ್ಧತಿಯೂ ಇದೆ. ಖರ್ಚು ಉಳಿಯುತ್ತದೆ ನಿಜ. ಆದರೆ ಹಳೆಯ ಚರಂಡಿ ಕೆರೆಗೆ ಸೇರುವ ಬಾಯಲ್ಲಿ ಮಾತ್ರ ವಿಷ ದಟ್ಟವಾಗಿದ್ದರೆ, ಉಳಿದ ಒಂಬತ್ತರ ಜೊತೆ ಬೆರೆತು ಅದು ಮಾಯವಾಗುತ್ತದೆ. ಸರಾಸರಿ ಸರಿಯಾಗಿಯೇ ಇರುತ್ತದೆ, ಆ ಬಾಯಿಯ ಹತ್ತಿರ ಮೇಯುವ ಮೀನಿಗೆ ಮಾತ್ರ ಅದರಿಂದ ಪ್ರಯೋಜನವಿಲ್ಲ.

ಇನ್ನು ಹೋಲಿಕೆಗೆ ಒಂದು ಕೆರೆ. ಕೆಲವು ಪ್ರದೇಶಗಳ ಬಂಡೆಯಲ್ಲೇ ನಿಕಲ್, ಕ್ರೋಮಿಯಂ ಹೆಚ್ಚಿರುತ್ತದೆ. ಅಲ್ಲಿಯ ಹೂಳಿನಲ್ಲಿ ಯಾವ ಕಾರ್ಖಾನೆ ಇಲ್ಲದೆಯೂ ಅಂಕಿ ಮೇಲಿರುತ್ತದೆ. ಅದೇ ಮಣ್ಣು, ಅದೇ ಹವೆ ಇರುವ, ಆದರೆ ಕಾರ್ಖಾನೆಯ ಪ್ರಭಾವ ಕಡಿಮೆ ಇರುವ ಇನ್ನೊಂದು ಕೆರೆ ಜೊತೆಗಿದ್ದರೆ ಮಾತ್ರ ಕಾರ್ಖಾನೆಯ ಪಾಲು ಎಷ್ಟು ಎಂದು ಬೇರ್ಪಡಿಸಬಹುದು. ಕೊಡೈಕನಾಲ್‌ನಲ್ಲಿ ಇದನ್ನು ಚೆನ್ನಾಗಿ ಮಾಡಿದರು. ಅಲ್ಲಿಯ ಥರ್ಮಾಮೀಟರ್ ಕಾರ್ಖಾನೆ 2001ರಲ್ಲಿ ಮುಚ್ಚಿತು. ಆಮೇಲೆ ಹೈದರಾಬಾದಿನ ವಿಜ್ಞಾನಿಗಳು ಊರಿನ ಕೆರೆಯ ಜೊತೆಗೆ ಸ್ವಲ್ಪ ದೂರದ ಬೇರಿಜಂ ಮತ್ತು ಕೂಕಲ್ ಕೆರೆಗಳ ನೀರು, ಹೂಳುಗಳನ್ನೂ ಪರೀಕ್ಷಿಸಿದರು. ಊರಿನ ಕೆರೆಯಲ್ಲಿ ಪಾದರಸ ಹೆಚ್ಚು ಸಿಕ್ಕಿತು. ಮರಗಳ ಮೇಲಿನ ಪಾಚಿ, ಕಲ್ಲುಹೂವುಗಳಲ್ಲೂ ಸಿಕ್ಕಿತ್ತು. ಅಂದರೆ ವಿಷ ಬಂದದ್ದು ಚರಂಡಿಯ ದಾರಿಯಲ್ಲಿ ಮಾತ್ರ ಅಲ್ಲ, ಗಾಳಿಯಲ್ಲೂ. ಕೆರೆಗೆ ಬರುವ ಹಳ್ಳಗಳನ್ನಷ್ಟೇ ನೋಡಿದ್ದರೆ ಇದು ಗೊತ್ತಾಗುತ್ತಿರಲಿಲ್ಲ.

ಕಾರ್ಖಾನೆ ಏನು ಮಾಡುತ್ತಿತ್ತು ಎಂಬ ಇತಿಹಾಸವೂ ಬೇಕೇ ಬೇಕು. ಬ್ಯಾಟರಿ ಮಾಡುತ್ತಿದ್ದರೆ ಸೀಸ, ಕ್ಯಾಡ್ಮಿಯಂ. ಚರ್ಮ ಹದ ಮಾಡುತ್ತಿದ್ದರೆ ಕ್ರೋಮಿಯಂ. ಹಳೆಯ ವಿಧಾನದಲ್ಲಿ ಕಾಸ್ಟಿಕ್ ಸೋಡಾ ಮಾಡುತ್ತಿದ್ದರೆ ಪಾದರಸ. ಕಲ್ಲಿದ್ದಲಿನಿಂದ ಗ್ಯಾಸ್ ತೆಗೆಯುತ್ತಿದ್ದರೆ ಪಿಎಎಚ್. ಲ್ಯಾಬ್ ಹುಡುಕುವುದು ನಾವು ಹುಡುಕಿ ಅಂದದ್ದನ್ನು ಮಾತ್ರ. ಪಟ್ಟಿಯಲ್ಲಿ ಇಲ್ಲದ ವಿಷ ವರದಿಯಲ್ಲೂ ಇರುವುದಿಲ್ಲ.

ಒಂದೇ ಪಾದರಸ, ಬೇರೆ ಬೇರೆ ಮಿತಿ

ಹೂಳಿನ ಅಂಕಿಗಳನ್ನು ಓದಲು ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಅಳತೆಗೋಲುಗಳಲ್ಲಿ ಒಂದು 2000ದಲ್ಲಿ ಮೆಕ್‌ಡೊನಾಲ್ಡ್ ಮತ್ತು ಜೊತೆಗಾರರು ಪ್ರಕಟಿಸಿದ್ದು. ಪ್ರತಿ ರಾಸಾಯನಿಕಕ್ಕೂ ಅವರು ಎರಡು ಗೆರೆ ಎಳೆದರು. ಕೆಳಗಿನ ಗೆರೆಗಿಂತ ಕಡಿಮೆ ಇದ್ದರೆ ತಳದ ಜೀವಿಗಳಿಗೆ ತೊಂದರೆಯಾಗುವ ಸಾಧ್ಯತೆ ಕಡಿಮೆ. ಮೇಲಿನ ಗೆರೆ ದಾಟಿದರೆ ತೊಂದರೆಯ ಸಾಧ್ಯತೆ ಜಾಸ್ತಿ. ಒಂದು ಕಿಲೋ ಒಣ ಹೂಳಿನಲ್ಲಿ ಸೀಸಕ್ಕೆ ಈ ಗೆರೆಗಳು 35.8 ಮತ್ತು 128 ಮಿಲಿಗ್ರಾಂ. ಕ್ಯಾಡ್ಮಿಯಂಗೆ 0.99 ಮತ್ತು 4.98. ಸತುವಿಗೆ 121 ಮತ್ತು 459. ಪಾದರಸಕ್ಕೆ 0.18 ಮತ್ತು 1.06.

ನಡುವಿನ ಜಾಗ ಎಷ್ಟು ಅಗಲ ನೋಡಿ. ಪಾದರಸದ ವಿಷಯದಲ್ಲಿ ಸುಮಾರು ಆರು ಪಟ್ಟು. ಹಳೆಯ ಕಾರ್ಖಾನೆಗಳ ಹತ್ತಿರದ ಎಷ್ಟೋ ಸ್ಯಾಂಪಲ್‌ಗಳು ಬೀಳುವುದು ಈ ನಡುವಿನಲ್ಲೇ. ಅಲ್ಲಿ ಈ ಗೆರೆಗಳು ಯಾವ ಕಡೆಗೂ ತೀರ್ಪು ಕೊಡುವುದಿಲ್ಲ. ಮೆಕ್‌ಡೊನಾಲ್ಡ್ ಗೆರೆಗಳು ಎಲ್ಲಿ ಜಾಸ್ತಿ ನೋಡಬೇಕು ಎಂದು ತೋರಿಸುವುದಕ್ಕೆ ಒಳ್ಳೆಯವು. ಕಾನೂನಿನ ಮಿತಿ ಎಂಬಂತೆ ಅವನ್ನು ಮುಂದಿಟ್ಟು ವಾದ ಮುಗಿಸುವುದು ತಪ್ಪು.

ಜಪಾನಿನ ಮಿನಮಾಟಾ ಕೊಲ್ಲಿಯಲ್ಲಿ ಹೂಳು ತೆಗೆಯುವಾಗ ಇಟ್ಟುಕೊಂಡ ಗೆರೆ ಕಿಲೋಗೆ 25 ಮಿಲಿಗ್ರಾಂ ಪಾದರಸ. 1977ರಿಂದ 1990ರವರೆಗೆ ನಡೆದ ಆ ಕೆಲಸದಲ್ಲಿ ಸುಮಾರು 15 ಲಕ್ಷ ಘನ ಮೀಟರ್ ಹೂಳನ್ನು ನಿಭಾಯಿಸಿದರು. ಒಂದು ಭಾಗವನ್ನು ಮುಚ್ಚಿ ಅದರ ಮೇಲೆ ಹೊಸ ನೆಲವನ್ನೇ ಮಾಡಿದರು. ಕೊಡೈಕನಾಲ್‌ನ ಕಾರ್ಖಾನೆ ಜಾಗದ ಮಣ್ಣು ಶುದ್ಧಿಗೆ ಒಪ್ಪಿದ ಗೆರೆ ಕಿಲೋಗೆ 20 ಮಿಲಿಗ್ರಾಂ. ಕಾಡಿನಂಚಿನ ಬೆಟ್ಟದ ಜಾಗಕ್ಕೆ ಅದು ಸಾಲದು ಎಂದು ಅಲ್ಲಿ ಹೋರಾಡಿದವರು ವರ್ಷಗಟ್ಟಲೆ ವಾದಿಸಿದರು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಒನೊಂಡಾಗ ಕೆರೆಯಲ್ಲಿ ಬಳಸಿದ ಗೆರೆ 2.2. ಮೇಲೆ ಹೇಳಿದ ಸಾಮಾನ್ಯ ಗೆರೆ 1.06.

ಒಂದೇ ಲೋಹಕ್ಕೆ ಇಷ್ಟು ಅಂತರ ಯಾಕೆ? ಪ್ರತಿಯೊಂದರ ಹಿಂದಿನ ಪ್ರಶ್ನೆ ಬೇರೆ. ಜಪಾನಿನ ಲೆಕ್ಕದಲ್ಲಿ ಸಮುದ್ರದ ಉಬ್ಬರವಿಳಿತ, ಹೂಳಿನಿಂದ ನೀರಿಗೆ ಪಾದರಸ ಬಿಡುಗಡೆಯಾಗುವ ವೇಗ ಇದ್ದವು. ಕೊಡೈಕನಾಲ್‌ನದು ಮಣ್ಣು, ಅದರ ಮೇಲೆ ಓಡಾಡುವ ಮನುಷ್ಯರ ಲೆಕ್ಕ. ಒನೊಂಡಾಗದ ಅಂಕಿ ಬಂದದ್ದು ಅದೇ ಕೆರೆಯ ಹೂಳಿನಲ್ಲಿ ಜೀವಿಗಳನ್ನು ಬೆಳೆಸಿ ಮಾಡಿದ ಪರೀಕ್ಷೆಗಳಿಂದ. ಒಂದು ಕಡೆಯ ಅಂಕಿಯನ್ನು ತಂದು ಇನ್ನೊಂದು ಕೆರೆಗೆ ಅಂಟಿಸುವವರು ಈ ಹಿನ್ನೆಲೆ ಹೇಳದಿದ್ದರೆ ಆ ಹೋಲಿಕೆಯನ್ನು ನಂಬಬೇಡಿ. ಮಣ್ಣಿನ ಮಿತಿಯನ್ನು ಕೆರೆಯ ಹೂಳಿಗೆ ಹಿಡಿದು 'ಮಿತಿಯೊಳಗಿದೆ' ಅನ್ನುವುದನ್ನಂತೂ ಒಪ್ಪಲೇಬಾರದು.

ಅಂಕಿ ದಾರಿ ತಪ್ಪಿಸುವುದಕ್ಕೆ ಇನ್ನೊಂದು ಕಾರಣವಿದೆ. ಇದು ರಸಾಯನಶಾಸ್ತ್ರದ ಮಾತು, ಆದರೂ ಸ್ವಲ್ಪ ತಾಳ್ಮೆಯಿಂದ ಓದಿ. ಲ್ಯಾಬಿನಲ್ಲಿ ಹೂಳನ್ನು ಬಲವಾದ ಆಮ್ಲದಲ್ಲಿ ಕುದಿಸಿ ಒಟ್ಟು ಲೋಹ ಅಳೆಯುತ್ತಾರೆ. ಹುಳದ ಮೈಗೆ ಸೇರುವುದು ಅದರಲ್ಲಿ ಒಂದು ಭಾಗ ಮಾತ್ರ, ಮುಖ್ಯವಾಗಿ ಕಣಗಳ ನಡುವಿನ ನೀರಿನಲ್ಲಿ ಕರಗಿರುವುದು. ಆಮ್ಲಜನಕ ಇಲ್ಲದ ಕಪ್ಪು ಹೂಳಿನಲ್ಲಿ ಸಲ್ಫೈಡ್ ಇರುತ್ತದೆ. ಕೊಳೆತ ಮೊಟ್ಟೆಯಂಥ ವಾಸನೆ ಬರುವುದು ಇದರಿಂದಲೇ. ಕ್ಯಾಡ್ಮಿಯಂ, ಸೀಸ, ಸತು, ನಿಕಲ್, ತಾಮ್ರ ಈ ಸಲ್ಫೈಡ್ ಜೊತೆ ಸೇರಿ ಕರಗದ ರೂಪಕ್ಕೆ ಹೋಗುತ್ತವೆ. ಸಲ್ಫೈಡ್ ಪ್ರಮಾಣ ಈ ಲೋಹಗಳಿಗಿಂತ ಹೆಚ್ಚಿದ್ದರೆ ಅಂಕಿ ಎಷ್ಟೇ ದೊಡ್ಡದಿದ್ದರೂ ಇವುಗಳಿಂದ ಹುಳ ಸಾಯುವುದಿಲ್ಲ ಎಂದು 1990ರ ದಶಕದ ಸಂಶೋಧನೆಗಳು ತೋರಿಸಿದವು. ಹಾಗೆಯೇ ಸಾವಯವ ಇಂಗಾಲ ಹೆಚ್ಚಿದ್ದರೆ ಪಿಸಿಬಿ, ಪಿಎಎಚ್‌ಗಳನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಎರಡು ಕೆರೆಗಳಲ್ಲಿ ಸೀಸದ ಅಂಕಿ ಒಂದೇ ಇರಬಹುದು. ಒಂದರಲ್ಲಿ ಹುಳಗಳು ಆರಾಮಾಗಿರುತ್ತವೆ, ಇನ್ನೊಂದರಲ್ಲಿ ಒಂದೂ ಉಳಿಯುವುದಿಲ್ಲ.

ಹುಳಗಳನ್ನೇ ಕೇಳುವ ಪರೀಕ್ಷೆ

ಹಾಗಾದರೆ ನೇರವಾಗಿ ಜೀವಿಗಳನ್ನೇ ಆ ಹೂಳಿನಲ್ಲಿ ಬಿಟ್ಟು ನೋಡಬಹುದು, ಅಲ್ವಾ? ವಿಷತ್ವ ಪರೀಕ್ಷೆ ಎಂದರೆ ಅದೇ. ಇದಕ್ಕೆ ಹೆಚ್ಚಾಗಿ ಬಳಸುವುದು ಎರಡು ಜೀವಿಗಳನ್ನು. ಒಂದು ಹಯಾಲೆಲ್ಲಾ ಅಜ್ಟೆಕಾ. ಕೆಲವೇ ಮಿಲಿಮೀಟರ್ ಉದ್ದದ, ಸೀಗಡಿಯ ದೂರದ ಸಂಬಂಧಿ. ಇನ್ನೊಂದು ಕೈರೊನೊಮಸ್, ಸೊಳ್ಳೆಯಂತೆ ಕಾಣುವ, ಆದರೆ ಕಚ್ಚದ ಕೀಟದ ಕೆಂಪು ಮರಿಹುಳ. ಎರಡೂ ತಳದ ಕೆಸರಿನಲ್ಲೇ ಬದುಕುವಂಥವು. ಮೀನುಗಳಿಗೆ ಆಹಾರವೂ ಹೌದು.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ವಿಧಾನದಲ್ಲಿ 300 ಮಿಲಿಲೀಟರ್ ಬೀಕರಿಗೆ 100 ಮಿಲಿಲೀಟರ್ ಹೂಳು, ಅದರ ಮೇಲೆ 175 ಮಿಲಿಲೀಟರ್ ಶುದ್ಧ ನೀರು ಹಾಕುತ್ತಾರೆ. ಬೀಕರಿಗೆ ಹತ್ತು ಜೀವಿ. ಒಂದೊಂದು ಸ್ಯಾಂಪಲಿಗೂ ಸಾಮಾನ್ಯವಾಗಿ ಎಂಟು ಬೀಕರ್. 23 ಡಿಗ್ರಿ ಸೆಲ್ಸಿಯಸ್, ದಿನಕ್ಕೆ 16 ಗಂಟೆ ಬೆಳಕು. ಮೇಲಿನ ನೀರನ್ನು ದಿನಾ ಬದಲಿಸುತ್ತಾರೆ, ಆಹಾರ ಕೊಡುತ್ತಾರೆ. ಹತ್ತು ದಿನ ಕಳೆದ ಮೇಲೆ ಜರಡಿ ಹಿಡಿದು ಎಷ್ಟು ಬದುಕಿವೆ, ಎಷ್ಟು ಬೆಳೆದಿವೆ ಎಂದು ಲೆಕ್ಕ ಹಾಕುತ್ತಾರೆ. ಶುದ್ಧ ಹೂಳಿನ ಬೀಕರುಗಳನ್ನೂ ಪಕ್ಕದಲ್ಲೇ ಇಟ್ಟಿರುತ್ತಾರೆ. ಅವುಗಳಲ್ಲಿ ಹಯಾಲೆಲ್ಲಾ ಕನಿಷ್ಠ ಶೇ 80, ಕೈರೊನೊಮಸ್ ಕನಿಷ್ಠ ಶೇ 70 ಬದುಕಿರದಿದ್ದರೆ ಇಡೀ ಪರೀಕ್ಷೆಯನ್ನೇ ಕೈಬಿಡಬೇಕು. ವರದಿ ಕೈಗೆ ಬಂದಾಗ ನಾನು ಮೊದಲು ನೋಡುವುದು ಈ ಸಾಲನ್ನೇ.

ಹತ್ತು ದಿನ ಸಾಕೇ? ತಕ್ಷಣ ಕೊಲ್ಲುವ ವಿಷಕ್ಕೆ ಸಾಕು. ಮುಚ್ಚಿದ ಕಾರ್ಖಾನೆಗಳ ಹೂಳಿನಲ್ಲಿ ಅಂಥ ತೀವ್ರ ವಿಷಕ್ಕಿಂತ ನಿಧಾನವಾಗಿ ಬೆಳವಣಿಗೆ ಕುಗ್ಗಿಸುವ, ಮರಿಗಳ ಸಂಖ್ಯೆ ಇಳಿಸುವ ಮಿಶ್ರಣ ಇರುವುದೇ ಹೆಚ್ಚು. ಅದಕ್ಕೆ 28 ದಿನ, 42 ದಿನದ ಪರೀಕ್ಷೆಗಳಿವೆ. ಖರ್ಚು ಜಾಸ್ತಿ, ಪರಿಣತರು ಬೇಕು. ಆದರೆ ಹತ್ತು ದಿನದ ಪರೀಕ್ಷೆಯಲ್ಲಿ ಸಾವು ಕಾಣಲಿಲ್ಲ ಎಂಬುದನ್ನೇ 'ವಿಷವಿಲ್ಲ' ಎಂದು ಬರೆಯುವುದು ಸರಿಯಲ್ಲ. ಎಂಟರ ಬದಲು ಮೂರೇ ಬೀಕರ್ ಇಟ್ಟಿದ್ದರೆ ಸಣ್ಣ ಪರಿಣಾಮ ಇದ್ದರೂ ಲೆಕ್ಕದಲ್ಲಿ ಕಾಣುವುದಿಲ್ಲ.

ಉಲ್ಟಾ ತಪ್ಪೂ ಆಗುತ್ತದೆ. ಕೊಳಚೆ ನೀರು ಸೇರುವ ಕೆರೆಯ ಹೂಳಿನಲ್ಲಿ ಅಮೋನಿಯಾ ತುಂಬಿರುತ್ತದೆ. ಹುಳಗಳು ಅದರಿಂದಲೇ ಸತ್ತು, ತಪ್ಪು ಕಾರ್ಖಾನೆಯ ತಲೆಗೆ ಬರಬಹುದು. ಇದನ್ನು ಬಿಡಿಸಲು ಒಂದು ಜಾಣ ವಿಧಾನವಿದೆ. ಅದೇ ಹೂಳಿನ ಒಂದು ಭಾಗಕ್ಕೆ ಜಿಯೋಲೈಟ್ ಸೇರಿಸುತ್ತಾರೆ, ಅದು ಅಮೋನಿಯಾವನ್ನು ಹೀರುತ್ತದೆ. ಇನ್ನೊಂದಕ್ಕೆ ಸಕ್ರಿಯ ಇದ್ದಿಲು, ಅದು ಪಿಎಎಚ್, ಪಿಸಿಬಿ, ಕೀಟನಾಶಕಗಳನ್ನು ಹಿಡಿಯುತ್ತದೆ. ಮೂರನೆಯದಕ್ಕೆ ಲೋಹ ಹಿಡಿಯುವ ರಾಳ. ಯಾವ ಬೀಕರಿನಲ್ಲಿ ಹುಳಗಳು ಬದುಕಿ ಉಳಿಯುತ್ತವೋ ಅದರಿಂದ ಕೊಂದದ್ದು ಯಾವ ಗುಂಪು ಎಂದು ಗೊತ್ತಾಗುತ್ತದೆ. ಹುಳಗಳಿಗೆ ಪಟ್ಟಿಯ ಹಂಗಿಲ್ಲ. ಯಾರೂ ಹುಡುಕದ ರಾಸಾಯನಿಕವಿದ್ದರೂ, ಹತ್ತು ವಿಷಗಳು ಸ್ವಲ್ಪ ಸ್ವಲ್ಪವೇ ಕೂಡಿದ್ದರೂ ಅವು ತೋರಿಸಿಕೊಡುತ್ತವೆ. ಪರೀಕ್ಷೆಗೆ ಹೋಗುವ ಹೂಳನ್ನು ಫ್ರೀಜ್ ಮಾಡಬಾರದು ಎಂಬುದನ್ನೂ ಹೇಳಿಬಿಡುತ್ತೇನೆ. 4 ಡಿಗ್ರಿಯಲ್ಲಿ, ಕತ್ತಲಲ್ಲಿ ಇಟ್ಟು ಕೆಲವು ವಾರಗಳೊಳಗೆ ಮುಗಿಸಬೇಕು. ಹೆಪ್ಪುಗಟ್ಟಿ ಕರಗಿದ ಹೂಳು ಮೊದಲಿನ ಹೂಳಲ್ಲ.

ಇಷ್ಟಾದರೂ ಪಾದರಸದ ಮುಂದೆ ಈ ಪರೀಕ್ಷೆ ಸೋಲುತ್ತದೆ. ಆಮ್ಲಜನಕವಿಲ್ಲದ ಹೂಳಿನಲ್ಲಿ ಸಲ್ಫೇಟನ್ನು ಬಳಸಿ ಬದುಕುವ ಬ್ಯಾಕ್ಟೀರಿಯಾಗಳು ಪಾದರಸವನ್ನು ಮೀಥೈಲ್ ಪಾದರಸವಾಗಿ ಬದಲಿಸುತ್ತವೆ. ಹುಳ ಅದನ್ನು ತಿಂದೂ ಬದುಕಬಹುದು. ಹುಳಗಳನ್ನು ಸಣ್ಣ ಮೀನು, ಅದನ್ನು ದೊಡ್ಡ ಮೀನು ತಿನ್ನುತ್ತಾ ಹೋದಂತೆ ಪ್ರಮಾಣ ಏರುತ್ತಾ ಹೋಗುತ್ತದೆ. ಕೊನೆಗೆ ಅದು ಸೇರುವುದು ಮೀನು ತಿಂದವರ ನರಮಂಡಲವನ್ನು, ಗರ್ಭದಲ್ಲಿರುವ ಮಗುವಿನ ಮಿದುಳನ್ನು. ಮಿನಮಾಟಾದಲ್ಲಿ 1956ರಲ್ಲಿ ಅಧಿಕೃತವಾಗಿ ಪತ್ತೆಯಾದ ಕಾಯಿಲೆ ಹೀಗೇ ಬಂದದ್ದು. ಅಲ್ಲಿ ಕಾರ್ಖಾನೆಯೇ ಮೀಥೈಲ್ ಪಾದರಸವನ್ನು ಹೊರಬಿಡುತ್ತಿತ್ತು. ಕೆರೆಗಳಲ್ಲಿ ಆ ಕೆಲಸವನ್ನು ಬ್ಯಾಕ್ಟೀರಿಯಾ ಮಾಡುತ್ತವೆ. ಆದ್ದರಿಂದ ಪಾದರಸ, ಪಿಸಿಬಿ ಶಂಕೆ ಇರುವ ಕಡೆ ಸಾವು ಬದುಕಿನ ಲೆಕ್ಕ ಸಾಲದು. ಲುಂಬ್ರಿಕ್ಯುಲಸ್ ಎಂಬ ಕೆಸರು ಹುಳವನ್ನು 28 ದಿನ ಆ ಹೂಳಿನಲ್ಲಿ ಬೆಳೆಸಿ, ಅದರ ಮೈಯಲ್ಲಿ ಎಷ್ಟು ಸೇರಿತು ಎಂದು ಅಳೆಯಬೇಕು. ಕೆರೆಯ ಮೀನುಗಳನ್ನೂ ಪರೀಕ್ಷಿಸಬೇಕು. ಇದನ್ನು ಬಿಟ್ಟ ವರದಿ ಜನರಿಗೆ ಬೇಕಾದ ಪ್ರಶ್ನೆಯನ್ನೇ ಮುಟ್ಟಿಲ್ಲ.

ರಸಾಯನ, ಜೀವಿಗಳ ಪರೀಕ್ಷೆ, ಇವೆರಡರ ಜೊತೆ ಕೆರೆಯ ತಳದಲ್ಲಿ ಈಗ ಯಾವ ಯಾವ ಜೀವಿಗಳಿವೆ ಎಂಬ ಎಣಿಕೆ. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡುವ ವಿಧಾನವನ್ನು ಲಾಂಗ್ ಮತ್ತು ಚಾಪ್‌ಮನ್ 1985ರಲ್ಲಿ ಮುಂದಿಟ್ಟರು. ಮೂರೂ ಒಂದೇ ಕಡೆ ಕೈ ತೋರಿಸಿದರೆ ವಾದಕ್ಕೆ ಜಾಗವಿಲ್ಲ. ಅಂಕಿ ಮೇಲಿದ್ದು ಹುಳಗಳು ಚೆನ್ನಾಗಿದ್ದರೆ ವಿಷ ಬಂಧಿಯಾಗಿರಬಹುದು. ಅಂಕಿ ಕೆಳಗಿದ್ದು ಹುಳಗಳು ಸತ್ತರೆ ಪಟ್ಟಿಯಲ್ಲಿ ಇಲ್ಲದ್ದೇನೋ ಇದೆ.

ಹೂಳೆತ್ತುವ ಮೊದಲು

ನನಗೆ ಅತಿ ಹೆಚ್ಚು ಆತಂಕ ಹುಟ್ಟಿಸುವುದು ಇಲ್ಲಿಯ ಭಾಗ. ಹೂಳು ವಿಷ ಅಂತ ಗೊತ್ತಾದ ಕೂಡಲೇ ಎತ್ತಿಬಿಡಿ ಎಂಬ ಒತ್ತಾಯ ಬರುತ್ತದೆ. ನೀರಿನಡಿ ಸಲ್ಫೈಡಿಗೆ ಅಂಟಿಕೊಂಡು ಸುಮ್ಮನಿದ್ದ ಕ್ಯಾಡ್ಮಿಯಂ, ಸತು ದಡದಲ್ಲಿ ರಾಶಿ ಹಾಕಿ ಒಣಗಿಸಿದಾಗ ಗಾಳಿಗೆ ತೆರೆದುಕೊಳ್ಳುತ್ತವೆ. ಸಲ್ಫೈಡ್ ಆಮ್ಲಜನಕದ ಜೊತೆ ಸೇರಿ ಸಲ್ಫೇಟ್ ಆಗುತ್ತದೆ, ಹೂಳು ಹುಳಿಯಾಗುತ್ತದೆ, ಲೋಹಗಳು ಬಿಡುಗಡೆಯಾಗುತ್ತವೆ. ಮುಂದಿನ ಮಳೆಗೆ ಅವು ಕೆಳಗಿನ ಬಾವಿಗೂ ಹೋಗಬಹುದು, ಮತ್ತೆ ಕೆರೆಗೂ ಬರಬಹುದು. ಹೊಲಕ್ಕೆ ಹರಡಿದರೆ ಬೆಳೆಗೆ ಏರಬಹುದು. ನೀರಿನಡಿಯ ಸ್ಥಿತಿಯಲ್ಲಿ ಮಾಡಿದ ಪರೀಕ್ಷೆ ಈ ಸ್ಥಿತಿಗೆ ಉತ್ತರ ಕೊಡುವುದಿಲ್ಲ. ಒಣಗಿದ ಹೂಳಿನಿಂದ ಏನು ಸೋರುತ್ತದೆ ಎಂಬುದಕ್ಕೆ ಬೇರೆ ಪರೀಕ್ಷೆ ಬೇಕು. ಎತ್ತುವ ಟೆಂಡರ್ ಕರೆಯುವುದಕ್ಕೆ ಮೊದಲೇ ಬೇಕು. ಕೆಳಗಿನ ಹಳೆಯ ಪದರ ತೆರೆದುಕೊಂಡರೆ ಹೊಸ ಮೇಲ್ಮೈ ಹಿಂದಿನದಕ್ಕಿಂತ ಕೆಟ್ಟದಾಗಬಹುದು ಎಂಬುದಕ್ಕೂ ಆ ಕೊಳವೆ ಸ್ಯಾಂಪಲ್‌ಗಳೇ ಮುನ್ಸೂಚನೆ ಕೊಡುವುದು.

ಒನೊಂಡಾಗದಲ್ಲಿ ಏನು ಮಾಡಿದರು ನೋಡಿ. 1946ರಿಂದ 1970ರವರೆಗೆ ಕಾಸ್ಟಿಕ್ ಸೋಡಾ, ಕ್ಲೋರಿನ್ ತಯಾರಿಕೆಯಿಂದ ಅಲ್ಲಿಗೆ ಸೇರಿದ ಪಾದರಸ ಸುಮಾರು 75 ಟನ್. 1970ರಲ್ಲಿ ಮೀನು ಹಿಡಿಯುವುದನ್ನೇ ನಿಷೇಧಿಸಿದರು. ವರ್ಷಗಟ್ಟಲೆ ಪರೀಕ್ಷೆಗಳಾದ ಮೇಲೆ 2012ರಿಂದ 2014ರವರೆಗೆ ಸುಮಾರು 17 ಲಕ್ಷ ಘನ ಮೀಟರ್ ಹೂಳು ತೆಗೆದರು. ಅದನ್ನು ಪೈಪಿನಲ್ಲಿ ಸಾಗಿಸಿ, ತಳಕ್ಕೆ ಪದರ ಹಾಸಿದ ಜಾಗದಲ್ಲಿ ತುಂಬಿಟ್ಟರು. ಉಳಿದ ಕಡೆ ಮರಳು ಮತ್ತಿತರ ವಸ್ತುಗಳ ಹೊದಿಕೆ ಹಾಸಿದರು, ಆ ಕೆಲಸ 2016ರಲ್ಲಿ ಮುಗಿಯಿತು. ಕೆರೆಯ ಆಳದ ಭಾಗದಲ್ಲಿ ಬೇರೆಯದೇ ಉಪಾಯ. ತಳದ ನೀರಿಗೆ ನೈಟ್ರೇಟ್ ಸೇರಿಸಿದರು. ಅದರಿಂದ ಹೂಳಿನ ಮೇಲ್ಪದರ ಆಮ್ಲಜನಕವಿಲ್ಲದ ಸ್ಥಿತಿಗೆ ಪೂರ್ತಿ ಜಾರದೆ, ಮೀಥೈಲ್ ಪಾದರಸ ನೀರಿಗೆ ಬಿಡುಗಡೆಯಾಗುವುದು ಬಹಳ ಕಡಿಮೆಯಾಯಿತು. ಎಲ್ಲಿ ಎತ್ತಬೇಕು, ಎಲ್ಲಿ ಮುಚ್ಚಬೇಕು, ಎಲ್ಲಿ ಮುಟ್ಟದೆ ಬಿಡಬೇಕು ಎಂದು ಬೇರ್ಪಡಿಸಲು ಸಾಧ್ಯವಾದದ್ದು ಜಾಗ ಜಾಗದ, ಆಳ ಆಳದ ಸ್ಯಾಂಪಲ್‌ಗಳಿದ್ದುದರಿಂದ.

ಅಲ್ಲಿ ಹೊದಿಕೆ ಹಾಸಿದ ಮೇಲೂ ಪರೀಕ್ಷೆ ನಿಂತಿಲ್ಲ. ಹೊದಿಕೆ ಗಟ್ಟಿಯಾಗಿದೆಯೇ, ಹುಳಗಳು ಮರಳಿವೆಯೇ, ಮೀನಿನ ಮಾಂಸದಲ್ಲಿ ಪಾದರಸ ಇಳಿಯುತ್ತಿದೆಯೇ ಎಂದು ಅಳೆಯುತ್ತಲೇ ಇದ್ದಾರೆ. ಆ ಕೆರೆಯ ಮೀನು ತಿನ್ನುವ ಬಗ್ಗೆ ಎಚ್ಚರಿಕೆ ಸೂಚನೆ ಆಮೇಲೂ ಮುಂದುವರಿದಿದೆ.